ಎಷ್ಟು ಬರ್ತದ?

ಹಳೇ ಸಾಮಾನು ಕೂಡಿಟ್ಟ ನನ್ನ ಕಪಾಟಿನ ಮುಂದೆ ನಿಂತವರೆಲ್ಲ ಕೇಳುವುದು ಒಂದೇ: ‘ಸರ, ಇದಕ್ಕ ಎಷ್ಟು ಬರ್ತದ?’ ಏನಿದು, ಎಲ್ಲಿ ಸಿಕ್ಕಿತು, ಯಾರದಿತ್ತು? ಊಹೂಂ. ಮೊನ್ನೆ ಕರೆಂಟ್ ಮೀಟರ್ ನೋಡಲು ಬಂದ ಹುಡುಗ ನಿಜಾಮರ ಕಾಲದ ಚಾರ್‌ಮಿನಾರ್ ನಾಣ್ಯವನ್ನು ಕೈಗೆತ್ತಿಕೊಂಡವನೇ ಮೊಬೈಲ್‌ನಲ್ಲಿ ರೇಟು ಹುಡುಕಲು ಶುರು ಮಾಡಿದ.

ಹಳೇ ಐದು ರೂಪಾಯಿ ನೋಟಿಗೆ ಲಕ್ಷ ಕೊಡುತ್ತೇವೆ ಎನ್ನುವ ವಿಡಿಯೊಗಳ ಪ್ರಸಾದ ಇದು. ‘ನಾವು ಇಂಥ ವ್ಯವಹಾರ ಮಾಡುವುದಿಲ್ಲ’ ಎಂದು ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿತು. ಕೇಳುವವರು ಯಾರು? ಆ ನಾಣ್ಯ ಓಡಾಡುತ್ತಿದ್ದ ಕಾಲದಲ್ಲಿ ಬೀದರಿನವರಿಗೆ ನಿಜಾಮರ ‘ಹಾಲಿ’ ರೂಪಾಯಿಯೇ ಬೇರೆ, ಬ್ರಿಟಿಷರ ಕಲ್ದಾರ್ ರೂಪಾಯಿಯೇ ಬೇರೆ. 7 ಹಾಲಿಗೆ ಸುಮಾರು 6 ಕಲ್ದಾರ್. ಸಂತೆಗೆ ಹೋಗುವವರೂ ಈ ಲೆಕ್ಕ ಬಾಯಲ್ಲೇ ಹಾಕಬೇಕಿತ್ತು. ಇದನ್ನು ಹೇಳೋಣ ಅಂತ ಬಾಯಿ ತೆರೆದೆ. ಹುಡುಗ ಬಿಲ್ ಹರಿದು ಕೊಟ್ಟು ಹೋದ.

ಪಾನ್‌ದಾನಿನ ಕತೆಯಾದರೂ ಹೇಳುತ್ತೇನೆ, ಅಂದರೆ ಎಲೆ ಅಡಿಕೆ ಇಡುವ ಡಬ್ಬಿಯದು. ನಮ್ಮ ಬೀದರಿನ ಹಳೇ ಗೋಪುರ ಚೌಬಾರದ ಹಿಂದಿನ ಗಲ್ಲಿಯ ಗುಜರಿ ಅಂಗಡಿಯಲ್ಲಿ, ತುಕ್ಕು ಹಿಡಿದ ಕುಕ್ಕರ್ ಮುಚ್ಚಳಗಳ ಕೆಳಗೆ ಸಿಕ್ಕಿತು. ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ನಮ್ಮೂರ ಬಿದ್ರಿ ಕೆಲಸದ್ದು, ಅನುಮಾನವಿಲ್ಲ. ಆದರೆ ಕಪ್ಪು ಬಣ್ಣವೇ ಇಲ್ಲ! ಯಾರೋ ಪುಣ್ಯಾತ್ಮರು ಕೊಳೆ ಅಂದುಕೊಂಡು ಸ್ಟೀಲ್ ಉಜ್ಜುವ ನಾರಿನಿಂದ ತಿಕ್ಕಿ ತಿಕ್ಕಿ ಬೂದಿ ಬಣ್ಣ ಮಾಡಿಟ್ಟಿದ್ದರು. ಬೂದಿಯ ಮೇಲೆ ಬೆಳ್ಳಿ ಬಳ್ಳಿ ಇದ್ದೂ ಇಲ್ಲದಂತೆ. ಮುಚ್ಚಳದ ಅಂಚಿನಲ್ಲಿ ಒಂದೆರಡು ಎಲೆಗಳ ತಂತಿ ಎದ್ದುಹೋಗಿ, ಅಲ್ಲಿ ಉಳಿಯ ಗೀರು ಮಾತ್ರ ಉಳಿದಿತ್ತು. ಉಗುರು ಆಡಿಸಿದರೆ ಗೊತ್ತಾಗುತ್ತಿತ್ತು.

ಬಿದ್ರಿ ಕೆಲಸದ ಚಾಚಾ ಒಬ್ಬರ ಹತ್ತಿರ ಒಯ್ದೆ. ಅವರು ತಿರುಗಿಸಿ ಮುರುಗಿಸಿ ನೋಡಿ, ಉಜ್ಜಿದವರಿಗೆ ಉರ್ದುವಿನಲ್ಲಿ ಎರಡು ಮಾತು ಬೈದು, ‘ಮಣ್ಣು ತೋರಸ್ತೀನಿ, ಬರ್ರಿ’ ಎಂದರು. ಬಿದ್ರಿ ಲೋಹವೆಂದರೆ ಸತುವೇ ಜಾಸ್ತಿ, ತಾಮ್ರ ಒಂದಿಷ್ಟು. ಎರಕ ಹೊಯ್ದ ಮೇಲೆ ಮೈಲುತುತ್ತ ಬಳಿದು ತಾತ್ಕಾಲಿಕವಾಗಿ ಕಪ್ಪು ಮಾಡಿಕೊಳ್ಳುತ್ತಾರೆ, ಚಿತ್ರ ಬಿಡಿಸುವುದು ಕಾಣಲಿ ಅಂತ. ಆಮೇಲೆ ಉಳಿಯಿಂದ ಕೊರೆದು ಬೆಳ್ಳಿ ಬಡಿಯುತ್ತಾರೆ. ನಿಜವಾದ ಕಪ್ಪು ಬರುವುದು ಕಡೆಯಲ್ಲಿ, ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಎಂಬ ಉಪ್ಪು ಕಲಸಿದ ನೀರಿನಿಂದ. ಮಳೆ ಬಿಸಿಲು ತಾಗದ ಜಾಗದ ಮಣ್ಣೇ ಆಗಬೇಕು. ಯಾವುದು ಸರಿ ಅಂತ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. ಚಾಚಾ ಚಿಟಿಕೆ ಮಣ್ಣು ತೆಗೆದು ನಾಲಿಗೆಯ ಮೇಲಿಟ್ಟುಕೊಂಡರು. ‘ನೀವೂ ನೋಡ್ರಿ’ ಎಂದು ನನ್ನ ಕೈಗೂ ಹಾಕಿದರು. ಒಲ್ಲೆ ಎನ್ನಲಾಗಲಿಲ್ಲ. ಸತ್ಯ ಹೇಳುತ್ತೇನೆ, ನನಗೆ ಮಣ್ಣಿನ ರುಚಿಯೇ ಬಂತು. ಚಾಚಾ ಮಾತ್ರ ಕಣ್ಣು ಮುಚ್ಚಿ ತಲೆ ತೂಗುತ್ತಿದ್ದರು. ಪಾನ್‌ದಾನು ಕಪ್ಪಾಗಿ, ಎಣ್ಣೆ ಒರೆಸಿಕೊಂಡು ಬಂತು. ಬೆಳ್ಳಿ ಎದ್ದು ಕುಣಿಯಿತು. ಅದರಲ್ಲಿ ಈಗ ನಮ್ಮ ಮನೆಯವರು ಸೇಫ್ಟಿ ಪಿನ್ನು ಇಡುತ್ತಾರೆ.

ಇಷ್ಟೆಲ್ಲ ಆದ ಮೇಲೆ ಇಂಥ ಹಳೇ ಸಾಮಾನುಗಳ ಹಿಂದೆ ಓಡಾಡಿದರೆ ಏನು ಸಿಗುತ್ತದೆ ಎಂದು ಹೇಳಬೇಕು, ಅಲ್ವಾ? ಹೇಳುತ್ತಿದ್ದೆ. ಆದರೆ ಅದೇ ಅಂಗಡಿಯಲ್ಲಿ ಸಿಕ್ಕ ಲೆಗೊ, ಅಂದರೆ ಮಕ್ಕಳು ಜೋಡಿಸಿ ಆಡುವ ಪ್ಲಾಸ್ಟಿಕ್ ಇಟ್ಟಿಗೆಗಳ ಚೀಲದ ವಿಷಯ ಬಾಕಿ ಇದೆ. ಡೆನ್ಮಾರ್ಕಿನ ಕಂಪನಿ 1958ರಲ್ಲಿ ಪೇಟೆಂಟ್ ಮಾಡಿಸಿದ ಇಟ್ಟಿಗೆಗೂ ಇವತ್ತಿನ ಇಟ್ಟಿಗೆಗೂ ಜೋಡಿ ಕೂಡುತ್ತದೆ. ಪ್ರತಿ ಗುಬುಟಿನ ಮೇಲೂ ಕಂಪನಿಯ ಹೆಸರು ಚಿಕ್ಕದಾಗಿ ಒತ್ತಿರುತ್ತದೆ. ಭೂತಗನ್ನಡಿ ಹಿಡಿದು ನೋಡಿದರೆ ಚೀಲದಲ್ಲಿ ಅರ್ಧಕ್ಕರ್ಧ ಹೆಸರಿಲ್ಲದ ನಕಲು. ಅವು ಅಸಲಿನ ಮೇಲೆ ಸುಮ್ನೆ ಅಲ್ಲಾಡುತ್ತವೆ.

ರಜೆಗೆ ಬಂದ ತಂಗಿ ಮಗ ಎರಡನ್ನೂ ಬೆರೆಸಿ ಚೌಬಾರ ಕಟ್ಟಿದ. ಚೌಕದ್ದು! ‘ಲೇ, ನಮ್ಮ ಚೌಬಾರ ದುಂಡಗದ’ ಎಂದೆ. ‘ಮಾಮಾ, ದುಂಡನ ಪೀಸ್ ಇಲ್ಲ, ಅಡ್ಜಸ್ಟ್ ಮಾಡ್ಕೋರಿ’ ಎಂದ. ಊರ ನಡುವೆ ಇಷ್ಟು ವರ್ಷ ನಿಂತಿರುವ ಗೋಪುರವನ್ನು ಪೀಸ್ ಇಲ್ಲ ಅಂತ ಚೌಕ ಮಾಡಿದರೆ ಹೇಗೆ ಅಡ್ಜಸ್ಟ್ ಮಾಡಿಕೊಳ್ಳುವುದು? ಎರಡು ದಿನ ಮಾತು ಬಿಟ್ಟೆ. ಮನೆಯವರು ಅವನ ಪಕ್ಷ.

ಈಗ ಅದು ಕಪಾಟಿನಲ್ಲಿ ಪಾನ್‌ದಾನಿನ ಪಕ್ಕದಲ್ಲೇ ಇದೆ. ನಿನ್ನೆ ಬಂದಿದ್ದ ಬೀಗರು ನೀರಿನ ಟ್ಯಾಂಕು ಚಲೋ ಆಗಿದೆ ಎಂದರು.