ಕೆರೆಗಳಿಗೆ ಗೊಬ್ಬರ ಭಾಗ್ಯ

ಬೆಂಗಳೂರಿನಲ್ಲಿ ಒಂದಿಷ್ಟೂ ಸೋರದೆ ಫಲಾನುಭವಿಗೆ ತಲುಪುವ ಯೋಜನೆ ಅಂದರೆ ಗೊಬ್ಬರ ಭಾಗ್ಯ ಒಂದೇ. ಅರ್ಜಿ ಬೇಡ, ಆಧಾರ್ ಬೇಡ, ಬ್ರೋಕರ್ ಬೇಡ. ನಮ್ಮ ಬಚ್ಚಲು, ಕಕ್ಕಸಿನ ನೀರು ರಾಜಕಾಲುವೆ ಹಿಡಿದು ಸೀದಾ ಬೆಳ್ಳಂದೂರು ಕೆರೆಗೆ ಇಳಿಯುತ್ತದೆ. ಗೊಬ್ಬರದಲ್ಲಿರುವ ಸಾರಜನಕ, ರಂಜಕ ಎರಡೂ ಅದರಲ್ಲಿ ಧಾರಾಳ.

ಅದನ್ನು ಉಂಡು ಪಾಚಿ ಕೊಬ್ಬುತ್ತದೆ, ಸತ್ತು ತಳ ಸೇರುತ್ತದೆ. ಕೊಳೆಸುವ ಬ್ಯಾಕ್ಟೀರಿಯಾಗಳು ತಳದ ನೀರಿನ ಆಮ್ಲಜನಕವನ್ನೆಲ್ಲ ಮುಗಿಸುತ್ತವೆ. ಊಟ ಬೇಕಾದಷ್ಟು, ಉಸಿರಿಗೆ ಬರ.

ಇಂಥ ಕೆರೆಯಲ್ಲಿ ಮೊದಲು ಮನೆ ಖಾಲಿ ಮಾಡುವವು ಮೇಫ್ಲೈ ಅನ್ನೋ ಕೀಟದ ಮರಿಗಳು. ಕಿವಿರಲ್ಲಿ ಉಸಿರಾಡುವ ಬಡಪಾಯಿಗಳು. ಖಾಲಿ ಮಾಡುವುದು ಅಂದರೆ ಸಾಯುವುದು ಅಂತಲೇ, ಅಡ್ವಾನ್ಸ್ ಕೂಡ ವಾಪಸ್ ಇಲ್ಲ.

ಉಳಿದುಕೊಳ್ಳುವವರ ಗತ್ತೇ ಬೇರೆ. ಸೊಳ್ಳೆಯಂತೆ ಕಂಡರೂ ಕಚ್ಚದ ಕೈರೊನೊಮಸ್ ಅನ್ನೋ ಕೀಟದ ಮರಿ ಇದೆ. ಮೈಯಲ್ಲಿ ನಮ್ಮ ಹಾಗೆ ಹಿಮೊಗ್ಲೋಬಿನ್, ಅದಕ್ಕೇ ಕಡುಗೆಂಪು. ಸ್ವಲ್ಪ ಆಮ್ಲಜನಕ ಸಿಕ್ಕರೂ ಸಾಕು, ಹಿಡಿದಿಟ್ಟುಕೊಳ್ಳುತ್ತದೆ. ಅದರ ಪಕ್ಕದಲ್ಲೇ ಟ್ಯೂಬಿಫೆಕ್ಸ್ ಹುಳ. ತಲೆ ಕೆಸರಲ್ಲಿ ಹೂತು, ಬಾಲ ಮೇಲೆತ್ತಿ ಅಲ್ಲಾಡಿಸುತ್ತಾ ಉಸಿರಾಡುತ್ತದೆ. ಇದೇ ಭಂಗಿಯಲ್ಲಿ ನಮ್ಮೂರಲ್ಲಿ ಉದ್ಧಾರವಾದವರು ಬಹಳ ಜನ ಇದ್ದಾರೆ. ಹೆಸರು ಬೇಡ ಬಿಡಿ.

ಪೈಪೋಟಿ ಕೊಡುವವರೂ ಇಲ್ಲ, ತಿನ್ನುವ ಮೀನೂ ಕಡಿಮೆ. ಹೀಗಾಗಿ ಚದರ ಮೀಟರಿಗೆ ಸಾವಿರಗಟ್ಟಲೆ ಹುಳ. ಬಗೆ ನಾಲ್ಕಾರು, ತಲೆ ಎಣಿಕೆ ಮಾತ್ರ ಭರ್ಜರಿ. ಫೈಲಿಗೆ ಹೇಳಿ ಮಾಡಿಸಿದ ಫಲಿತಾಂಶ! ‘ಜಲಚರಗಳ ಸಂಖ್ಯೆಯಲ್ಲಿ ಗಣನೀಯ ಏರಿಕೆ’ ಅಂತ ಬರೆದರೆ ಸುಳ್ಳೂ ಅಲ್ಲ.

ಇನ್ನು ನಮ್ಮ ಕೆರೆ ಅಭಿವೃದ್ಧಿ ನಡೆಯುವುದು ದಡದಲ್ಲಿ. ವಾಕಿಂಗ್ ಟ್ರ್ಯಾಕ್, ಬೇಲಿ, ಓಪನ್ ಜಿಮ್, ಗೇಟಿಗೊಂದು ಕಮಾನು, ಕಮಾನಿಗೆ ನಾಯಕರದ್ದೇ ಫೋಟೊ. ನೊರೆ ರಸ್ತೆಗೆ ಹಾರಿದರೆ ಬಲೆ ಕಟ್ಟುತ್ತೇವೆ. 2018ರ ಜನವರಿಯಲ್ಲಿ ಬೆಳ್ಳಂದೂರಿಗೆ ಬೆಂಕಿ ಬಿದ್ದಾಗ ನಂದಿಸಲು ಸೈನಿಕರೇ ಬರಬೇಕಾಯಿತು. ನೀರಿಗೆ ಬೆಂಕಿ ಬೀಳುವ ಊರಲ್ಲಿ ಹುಳದ ಉಸಿರು ಯಾರಿಗೆ ಬೇಕು, ಅಲ್ವಾ?

ಒಂದು ವೇಳೆ ನಾಳೆಯೇ ಕೊಳಚೆ ನಿಂತಿತು ಅಂತಿಟ್ಟುಕೊಳ್ಳಿ. ಆಗಲೂ ಗಾಬರಿ ಬೇಡ. ಆಮ್ಲಜನಕ ಇಲ್ಲದ ಹೂಳು ತನ್ನಲ್ಲಿ ಕೂಡಿಟ್ಟ ರಂಜಕವನ್ನು ವರ್ಷಗಟ್ಟಲೆ ನೀರಿಗೆ ಬಿಡುತ್ತಲೇ ಇರುತ್ತದೆ. ಹಳೇ ಬಾಕಿಯೆಲ್ಲ ಕಂತಿನಲ್ಲಿ ಬಂದು ಸೇರುತ್ತದೆ. ಅಷ್ಟರೊಳಗೆ ಸಂಗೀತ ಕಾರಂಜಿಗೆ ಟೆಂಡರ್ ಕರೆಯಬಹುದು.