ನನ್ನನ್ನು ಎತ್ತಬೇಡಿ, ರ‍್ಯಾಂಪ್ ಕಟ್ಟಿ

ಮಂಗಳೂರಿನಲ್ಲಿ ಗಾಲಿಕುರ್ಚಿಯಲ್ಲಿ ನಾನು ಯಾವ ಕಚೇರಿಗೆ ಹೋದರೂ, ಯಾವ ಮದುವೆ ಹಾಲ್‌ಗೆ ಹೋದರೂ ಮೆಟ್ಟಿಲ ಬುಡದಲ್ಲಿ ಕೇಳಿಬರುವುದು ಒಂದೇ ಮಾತು: “ಅದಕ್ಕೇನು, ನಾಲ್ಕು ಜನ ಸೇರಿ ಎತ್ತಿಬಿಡುವ ಮಾರಾಯ್ರೆ.” ಹೇಳುವವರ ಮನಸ್ಸು ಒಳ್ಳೆಯದೇ ಇರಬಹುದು, ಆದರೆ ಕುತ್ತಿಗೆಯ ಬಳಿ ಬೆನ್ನುಹುರಿಗೆ ಪೆಟ್ಟಾದವನನ್ನು ಎತ್ತುವುದೆಂದರೆ ಏನೆಂದು ಅವರಿಗೆ ಗೊತ್ತಿಲ್ಲ. ಕಂಕುಳಿಗೆ ಕೈಹಾಕಿ ಎಳೆದರೆ ಬಲವಿಲ್ಲದ ಭುಜದ ಕೀಲು ಜಾರಬಹುದು. ಎದೆಯಿಂದ ಕೆಳಗೆ ನನಗೆ ಸ್ಪರ್ಶವೇ ತಿಳಿಯದ ಕಾರಣ, ಹಿಮ್ಮಡಿ ಮೆಟ್ಟಿಲಿನ ಅಂಚಿಗೆ ಉಜ್ಜಿ ಚರ್ಮ ಸುಲಿದರೂ ಅದು ಗೊತ್ತಾಗುವುದು ಮನೆಗೆ ಬಂದು ಅಮ್ಮ ಕಾಲುಚೀಲ ತೆಗೆದಾಗಲೇ. ಅಂತಹ ಸಣ್ಣ ಗಾಯವೇ ಹುಣ್ಣಾಗಿ ತಿಂಗಳುಗಟ್ಟಲೆ ಹಾಸಿಗೆ ಹಿಡಿಸುವುದುಂಟು. ಬ್ಯಾಟರಿ ಗಾಲಿಕುರ್ಚಿಯನ್ನು ಎತ್ತುವ ಮಾತಂತೂ ದೂರ.

ಇತ್ತೀಚೆಗೆ ಪಿಂಚಣಿಯ ಕಡತದ ವಿಷಯವಾಗಿ ಒಂದು ಕಚೇರಿಗೆ ಹೋಗಿದ್ದೆ. ರ‍್ಯಾಂಪ್ ಇದೆ ಎಂದು ಫೋನಿನಲ್ಲಿ ಹೇಳಿದ್ದರು. ಇದ್ದದ್ದು ಮೂರು ಮೆಟ್ಟಿಲಿನ ಪಕ್ಕ ಬೈಕ್ ಹತ್ತಿಸಲು ಮಾಡಿದ ಕಡಿದಾದ ಇಳಿಜಾರು, ಅದರ ಮೇಲೆ ನುಣುಪು ಗ್ರಾನೈಟ್. ನಮ್ಮ ಮಳೆಗಾಲದಲ್ಲಿ ಅದು ಜಾರುಬಂಡಿಯೇ ಸರಿ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು ಎಂಬುದು ಲೆಕ್ಕ. ಆ ಮೆಟ್ಟಿಲುಗಳ ಒಂದೂವರೆ ಅಡಿ ಎತ್ತರಕ್ಕೆ 18 ಅಡಿ ಬೇಕಾದಲ್ಲಿ ಆರು ಅಡಿಯೂ ಇರಲಿಲ್ಲ, ಇದ್ದಷ್ಟಕ್ಕೂ ಸ್ಕೂಟರ್‌ಗಳು ಅಡ್ಡ ನಿಂತಿದ್ದವು. ಕೊನೆಗೆ ಸಿಬ್ಬಂದಿಯೊಬ್ಬರು ಹೊರಗೆ ಬಂದು, ಹೋಗಿ ಬರುವವರೆಲ್ಲ ಕೇಳುವಂತೆ ನನ್ನ ಆದಾಯ, ಕಾಯಿಲೆ, ಶೌಚದ ವ್ಯವಸ್ಥೆ ಎಲ್ಲವನ್ನೂ ರಸ್ತೆಬದಿಯಲ್ಲೇ ವಿಚಾರಿಸಿ ಬರೆದುಕೊಂಡರು. ಇಷ್ಟಾದರೂ ಮಾಡಿಕೊಟ್ಟರಲ್ಲ ಎಂದು ಜೊತೆಗಿದ್ದವರೇ ನನಗೆ ಸಮಾಧಾನ ಹೇಳಿದಾಗ ಸಿಟ್ಟು ನೆತ್ತಿಗೇರಿತು.

ನಾನು ಯಾರ ಬಳಿಯೂ ದಯೆ ಬೇಡುತ್ತಿಲ್ಲ. ಇರುವ ಸಾರ್ವಜನಿಕ ಕಟ್ಟಡಗಳನ್ನು ನಿಯಮಗಳು ಪ್ರಕಟವಾದ ಐದು ವರ್ಷಗಳೊಳಗೆ ನಮ್ಮ ಬಳಕೆಗೆ ಸಿದ್ಧಪಡಿಸಬೇಕೆಂದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹೇಳುತ್ತದೆ. ನಿಯಮಗಳು ಬಂದದ್ದು 2017ರ ಜೂನ್‌ನಲ್ಲಿ, ಗಡುವು ಮುಗಿದದ್ದು 2022ರಲ್ಲಿ. ಇಂತಹ ಮಾನದಂಡಗಳು ಬರಿಯ ಸಲಹೆಯಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತು.

“ನಮ್ಮೂರೇ ಗುಡ್ಡ, ಏನು ಮಾಡುವುದು” ಎಂಬ ನೆಪವನ್ನು ನಾನು ಒಪ್ಪುವುದಿಲ್ಲ. ಅದೇ ಗುಡ್ಡದ ಮುರಕಲ್ಲು ಕಡಿದು ನೆಲದಡಿಗೆ ಕಾರು ಇಳಿಸಲು ಇಷ್ಟುದ್ದದ ಇಳಿಜಾರು ಮಾಡುವವರಿಗೆ ಗಾಲಿಕುರ್ಚಿಗೆ ಮಾತ್ರ ಜಾಗ ಸಿಗುವುದಿಲ್ಲವೇ? ನಿಯಮ ಪಾಲಿಸದ ಕಟ್ಟಡಕ್ಕೆ ಪೂರ್ಣತಾ ಪ್ರಮಾಣಪತ್ರ ಕೊಡುವಂತಿಲ್ಲ ಎಂದು ಕಾಯ್ದೆಯ 44ನೇ ಕಲಂ ಹೇಳುತ್ತದೆ. ಆ ಪತ್ರಕ್ಕೆ ಸಹಿ ಹಾಕುವವರು ಮೊದಲು ಗಾಲಿಕುರ್ಚಿ ಬಳಸುವ ಒಬ್ಬರನ್ನು ಕರೆಸಿ, ಯಾರ ಸಹಾಯವೂ ಇಲ್ಲದೆ ಅವರು ಬಾಗಿಲವರೆಗೆ ಹತ್ತಿ ಬರಬಲ್ಲರೇ ಎಂದು ಪರೀಕ್ಷಿಸಲಿ.