ಇಲ್ಲದ ಹಡಗಿಗೆ ಆಜೀವ ವಿಮೆ

ಮತ್ತೆ ಲೆಕ್ಕ ಬಂದಿದೆ. ಸ್ಟಾರ್ ಸಿಟಿಜನ್ ಎಂಬ ಬಾಹ್ಯಾಕಾಶದ ಕಂಪ್ಯೂಟರ್ ಆಟಕ್ಕೆ ಜನ ಸುರಿದ ದುಡ್ಡು 80 ಕೋಟಿ ಡಾಲರ್ ದಾಟಿ ಮುಂದೆ ಹೋಗಿದೆ. ಆಟ ಇನ್ನೂ ಮುಗಿದಿಲ್ಲ. 2012ರ ಅಕ್ಟೋಬರಿನಲ್ಲಿ ಈ ಆಟ ಮಾಡಿಸುತ್ತಿರುವ ಕ್ರಿಸ್ ರಾಬರ್ಟ್ಸ್ ಸಾಹೇಬರು ಜನರ ಮುಂದೆ ಕೈ ಚಾಚಿದಾಗ 2014ಕ್ಕೆ ಕೊಡ್ತೀವಿ ಅಂದಿದ್ದರು. ಈ ಕಥೆ ನಿಮಗೆಲ್ಲ ಗೊತ್ತೇ ಇದೆ. ಹಾಗಾಗಿ ಅಳುವ ಭಾಗ ಬಿಟ್ಟು ನೇರವಾಗಿ ಹೊಗಳೋದಕ್ಕೆ ಬರ್ತೀನಿ.

ಚಂದ್ರಯಾನ-3ಕ್ಕೆ ಆದ ಖರ್ಚು ಸುಮಾರು 615 ಕೋಟಿ ರೂಪಾಯಿ. ಈ ಆಟದ ದುಡ್ಡಲ್ಲಿ ಹತ್ತು ಸಲ ಚಂದ್ರನ ಮೇಲೆ ಇಳಿದು, ಮಿಕ್ಕಿದ್ದರಲ್ಲಿ ಎಲ್ಲರಿಗೂ ಹೋಳಿಗೆ ಊಟ ಹಾಕಿಸಬಹುದಿತ್ತು. ಆದರೆ ನಮ್ಮ ಇಸ್ರೋದವರಿಗೆ ವ್ಯವಹಾರ ಗೊತ್ತಿಲ್ಲ. ಹಡಗನ್ನು ಮೊದಲು ಕಟ್ಟಿದರು, ಆಮೇಲೆ ಹಾರಿಸಿದರು. ವಿಕ್ರಮ್ ಲ್ಯಾಂಡರಿನದೊಂದು ಬಣ್ಣದ ಚಿತ್ರ ಬರೆಸಿ, ಮೊದಲು ಬಂದವರಿಗೆ ಆಜೀವ ವಿಮೆ ಫ್ರೀ ಅಂತ ಬೋರ್ಡು ಹಾಕಿದ್ದರೆ ಪೀಣ್ಯದಲ್ಲಿ ಜನ ಬೆಳಗಿನ ಜಾವಕ್ಕೇ ಸಾಲು ನಿಲ್ಲುತ್ತಿದ್ದರು.

ವಿಮೆ ಅಂದದ್ದು ತಮಾಷೆಗಲ್ಲ. ಈ ಆಟದಲ್ಲಿ ಆಡುವವರು ಓಡಿಸುವ ಬಾಹ್ಯಾಕಾಶ ಹಡಗಿನ ಚಿತ್ರ ಬಂದ ಕೂಡಲೇ ಅಸಲಿ ಡಾಲರಿಗೆ ಮಾರಾಟ ಶುರು. ಆಗಲೇ ಕೊಂಡರೆ ಜೀವನಪೂರ್ತಿ ವಿಮೆ. ಹಡಗು ಇನ್ನೂ ಇಲ್ಲ. ಆದರೆ ಅದು ಅಪಘಾತಕ್ಕೆ ಸಿಕ್ಕಿ ಪುಡಿಯಾದರೆ ಹೊಸದು ಕೊಡ್ತಾರೆ. ಪ್ರೀಮಿಯಂ ಕಟ್ಟೀ ಕಟ್ಟೀ ಸವೆದ ನಮ್ಮಂಥವರಿಗೆ ಇದರ ಸೊಗಸು ಅರ್ಥವಾಗೋದಕ್ಕೆ ಸ್ವಲ್ಪ ಹೊತ್ತು ಬೇಕು. ನಿಮ್ಮ ಹಡಗು ತಯಾರಾಗುವವರೆಗೆ ಬದಲಿಗೆ ಇನ್ನೊಂದು ಹಡಗನ್ನು ಎರವಲು ಕೊಡುವ ಪದ್ಧತಿಯೂ ಇದೆ. ಪೊಲಾರಿಸ್ ಎಂಬ ಹಡಗನ್ನು 2016ರಲ್ಲಿ ಮಾರಿದರು, 2024ರಲ್ಲಿ ಕೊಟ್ಟರು. ಕೊಟ್ಟರಲ್ಲ, ಅದೇ ದೊಡ್ಡದು.

ಇನ್ನು ಜಮೀನು. 2017ರ ನವೆಂಬರಿನಲ್ಲಿ ಅದರ ವ್ಯಾಪಾರವೂ ಶುರುವಾಯಿತು. 50 ಡಾಲರಿಗೆ 4 ಕಿಲೋಮೀಟರ್ ಉದ್ದ, 4 ಕಿಲೋಮೀಟರ್ ಅಗಲ. 100 ಡಾಲರಿಗೆ 8ಕ್ಕೆ 8. ಒಂದು 30-40 ಸೈಟಿಗಾಗಿ ಅರ್ಧ ಜನ್ಮ ಕಂತು ಕಟ್ಟುವ ಬೆಂಗಳೂರಿನ ಮನುಷ್ಯ ಇದನ್ನು ಓದಿದರೆ ಕಣ್ಣಲ್ಲಿ ನೀರು ಬರುತ್ತೆ. ಅರವತ್ತನಾಲ್ಕು ಚದರ ಕಿಲೋಮೀಟರ್! ಯಾವ ಗ್ರಹದಲ್ಲಿ ಅಂತ ಆಮೇಲೆ ನೋಡೋಣ. ಮನೆ ಕಟ್ಟಬಹುದಾ ಅಂದರೆ, ಆ ಸೌಲಭ್ಯ ಬಂದಾಗ ಕಟ್ಟಬಹುದು. ನಮ್ಮ ಕಡೆಯ ಲೇಔಟ್‌ನವರೂ ಬ್ರೋಷರಿನಲ್ಲಿ ಈಜುಕೊಳ, ಕ್ಲಬ್ ಹೌಸ್, ನಗುತ್ತಿರುವ ಅಜ್ಜ-ಅಜ್ಜಿ ಎಲ್ಲ ತೋರಿಸ್ತಾರೆ. ಸ್ಥಳಕ್ಕೆ ಹೋದರೆ ರಾಗಿ ಹೊಲ. ಆದರೂ ಆ ಹೊಲದ ಮೂಲೆಯಲ್ಲಿ ಸುಣ್ಣ ಬಳಿದ ಒಂದು ಕಲ್ಲು ಇರುತ್ತೆ. ಭಾನುವಾರ ಹೆಂಡತಿ ಮಕ್ಕಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿ, ಕಲ್ಲಿನ ಮೇಲೆ ಕಾಲಿಟ್ಟು, 'ಇಲ್ಲಿಂದ ಆ ಬೇವಿನ ಮರದವರೆಗೂ ನಮ್ದೇ' ಅನ್ನಬಹುದು. ಸ್ಟಾರ್ ಸಿಟಿಜನ್‌ನ ಜಮೀನುದಾರನಿಗೆ ಆ ಕಲ್ಲೂ ಇಲ್ಲ.

2018ರಲ್ಲಿ ಲೆಗಾಟಸ್ ಪ್ಯಾಕ್ ಅಂತ ಬಂತು. 117 ಹಡಗುಗಳ ಮೂಟೆ, ಬೆಲೆ 27,000 ಡಾಲರ್. ನನಗೆ ತುಂಬಾ ಹಿಡಿಸಿದ್ದು ಬೆಲೆ ಅಲ್ಲ. ಆ ಪುಟವನ್ನು ಕಣ್ಣಿಂದ ನೋಡಬೇಕಾದರೇ ನೀವು ಅಷ್ಟರಲ್ಲಿ 1,000 ಡಾಲರ್ ಖರ್ಚು ಮಾಡಿರಬೇಕಿತ್ತು. ದೇವಸ್ಥಾನದಲ್ಲಿ ವಿಶೇಷ ದರ್ಶನದ ಟಿಕೆಟ್ ನೋಡಿದ್ದೀವಿ. ಹುಂಡಿಯ ದರ್ಶನಕ್ಕೇ ಟಿಕೆಟ್ ಇಟ್ಟವರು ಇವರೇ ಮೊದಲು.

ಅನ್ಯಗ್ರಹ ಜೀವಿಗಳ ವಿಷಯಕ್ಕೆ ಬರೋಣ, ಏಕೆಂದರೆ ಜನ ದುಡ್ಡು ಕೊಟ್ಟದ್ದೇ ಅದಕ್ಕೆ. ಈ ಲೋಕದಲ್ಲಿ ಬಾನು ಅಂತ ವ್ಯಾಪಾರಿ ಜನಾಂಗ, ಶಿಆನ್ ಅಂತ ಗಂಭೀರ ಜನಾಂಗ, ವಾಂಡೂಲ್ ಅಂತ ಹೊಡೆಯುವ ಜನಾಂಗ. ಶಿಆನ್‌ಗಳಿಗಾಗಿ ಭಾಷಾತಜ್ಞರನ್ನು ಕರೆಸಿ ಒಂದು ಪೂರ್ತಿ ಭಾಷೆ ಮಾಡಿಸಿದ್ದಾರೆ. ವ್ಯಾಕರಣ ಇದೆ, ಉಚ್ಚಾರ ಇದೆ, ಕಲಿಯುವ ಜನರೂ ಇದ್ದಾರೆ. ಇತ್ತ ನಮ್ಮ ತುಳುವಿಗೆ ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ ಜಾಗ ಕೊಡಿ ಅಂತ ಮಂಗಳೂರಿನವರು ಮನವಿ ಕೊಟ್ಟೂ ಕೊಟ್ಟೂ ಕೈ ಸೋತಿದ್ದಾರೆ. ಮುಂದಿನ ಮನವಿಯನ್ನು ದೆಹಲಿಗೆ ಬದಲು ಈ ಕಂಪನಿಗೆ ಕಳಿಸಿ ನೋಡಬಹುದು. ಬಾನುಗಳ ವಿಷಯ ಇನ್ನೂ ಚೆಂದ. ಅವರ ವ್ಯಾಪಾರದ ಹಡಗು ಬಾನು ಮರ್ಚೆಂಟ್‌ಮನ್, 2013ರಲ್ಲೇ ಮಾರಾಟಕ್ಕೆ ಬಂತು. ವಿಕೆಲೋ ಎಂಬ ಬಾನು ವ್ಯಾಪಾರಿ ಆಟದೊಳಗೆ ಅಂಗಡಿ ತೆರೆದದ್ದು 2025ರಲ್ಲಿ. ವ್ಯಾಪಾರಿ ಬಂದ, ಹಡಗು ಬಂದಿಲ್ಲ. ಬಸ್ಸಿನಲ್ಲಿ ಬಂದಿರಬೇಕು.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೀನಿ. ಎಲೀಟ್ ಡೇಂಜರಸ್ ಅಂತ ಇನ್ನೊಂದು ಆಟ ಇದೆ, 2014ರ ಡಿಸೆಂಬರಿನಲ್ಲಿ ಬಂದದ್ದು. ಅದರಲ್ಲಿ ಹಟನ್ ಆರ್ಬಿಟಲ್ ಎಂಬ ಒಂದು ನಿಲ್ದಾಣ. ಸೂರ್ಯನ ಪಕ್ಕದ ಆಲ್ಫಾ ಸೆಂಟಾರಿಯಲ್ಲಿದ್ದರೂ ಅಲ್ಲಿನ ಮುಖ್ಯ ನಕ್ಷತ್ರದಿಂದ 0.22 ಜ್ಯೋತಿರ್ವರ್ಷ ದೂರ. ಮಾಮೂಲಿ ಎಂಜಿನ್ನಾದರೆ ಹಡಗನ್ನು ಅತ್ತ ತಿರುಗಿಸಿ ಒಂದು ಗಂಟೆಗೂ ಜಾಸ್ತಿ ಹೊತ್ತು ಸುಮ್ನೆ ಕೂರಬೇಕು. ಏನೂ ಆಗಲ್ಲ. ಹೊಸಬರಿಗೆ ಹಳಬರು 'ಅಲ್ಲಿ ಅನಕೊಂಡಾ ಹಡಗು ಫ್ರೀ ಕೊಡ್ತಾರೆ' ಅಂತ ಹೇಳಿ ಕಳಿಸುತ್ತಾರೆ. ಹೋದವನಿಗೆ ಸಿಗೋದು ಹಟನ್ ಮಗ್, ಅಂದರೆ ಕಾಫಿ ಕುಡಿಯೋ ಲೋಟ. ಹೋಗಿ ಬಂದವನು ಸಿಟ್ಟು ಮಾಡಿಕೊಳ್ಳಲ್ಲ, ಮರುದಿನ ಇನ್ನೊಬ್ಬನನ್ನು ಕಳಿಸುತ್ತಾನೆ.

ಅದೇ ಆಟದಲ್ಲಿ ಫ್ಯೂಯಲ್ ರ‍್ಯಾಟ್ಸ್ ಅಂತ ಒಂದು ಗುಂಪಿದೆ. ಇಂಧನ ಮುಗಿದು ನಡು ಆಕಾಶದಲ್ಲಿ ನಿಂತವರಿಗೆ ಹಡಗಿನಲ್ಲಿ ಇಂಧನ ಒಯ್ದು ಕೊಡೋದೇ ಇವರ ಕೆಲಸ. ಒಂದು ಪೈಸೆ ತಗೊಳ್ಳಲ್ಲ. ಕೂಗು ಹಾಕಿದವನಿಗೆ ಮೊದಲು ಕೇಳೋದು ಒಂದೇ: ಆಮ್ಲಜನಕದ ಗಡಿಯಾರ ಓಡ್ತಾ ಇದೆಯಾ? ಇದೆ ಅಂದರೆ, ತಕ್ಷಣ ಆಟದಿಂದ ಹೊರಗೆ ಬಾ, ನಾವು ಹತ್ತಿರ ಬಂದಾಗ ಹೇಳ್ತೀವಿ ಅನ್ನುತ್ತಾರೆ. ಹೀಗೆ ಲಕ್ಷಕ್ಕೂ ಹೆಚ್ಚು ಸಲ ಕಾಪಾಡಿದ್ದಾರೆ. ಜೊತೆಗೂಡಿ ಆಡೋದು ಅಂದರೆ ನನ್ನ ಪ್ರಕಾರ ಇದು. ಅನ್ಯಗ್ರಹ ಜೀವಿಗಳ ಜೊತೆ ಮಾತ್ರ ಅಲ್ಲಿಯವರೂ ನಮ್ಮವರೇ. 2017ರ ಜನವರಿಯಲ್ಲಿ ಥಾರ್ಗಾಯ್ಡ್ ಎಂಬ ಜೀವಿಗಳು ಕಣ್ಣಿಗೆ ಬಿದ್ದವು. ಮೊದಲು ವಿಡಿಯೊ ಮಾಡಿಕೊಂಡರು, ಕೆಲವೇ ತಿಂಗಳಲ್ಲಿ ಕೊಲ್ಲಲು ಬೇಕಾದ ಆಯುಧ ಬಂತು.

ಸರಿ, ನಮ್ಮ ಅಪೂರ್ಣ ಮಹಾಕಾವ್ಯಕ್ಕೆ ವಾಪಸ್. ಐದು ಜನ ಗೆಳೆಯರು ರಾತ್ರಿ ಹತ್ತೂವರೆಗೆ ಆಡಲು ಕೂತರು ಅಂತಿಟ್ಟುಕೊಳ್ಳಿ. ಇಬ್ಬರು ಬೆಂಗಳೂರು, ಒಬ್ಬ ಹುಬ್ಬಳ್ಳಿ, ಒಬ್ಬ ದುಬೈ, ಒಬ್ಬ ಮೆಲ್ಬರ್ನ್. ಮೆಲ್ಬರ್ನಿನವನು ಆಕಳಿಸುತ್ತಾ ಕೂತಿದ್ದಾನೆ. ಗುರಿ ದೂರದ ಗ್ರಹ. ಆದರೆ ಮೊದಲು ಲಿಫ್ಟ್ ಹತ್ತಿ ಹಡಗು ನಿಂತಲ್ಲಿಗೆ ಹೋಗಬೇಕು. ಈ ಆಟದ ಲಿಫ್ಟುಗಳ ಕೀರ್ತಿ ಆಡುವವರಿಗೆಲ್ಲ ಗೊತ್ತು. ಬರಲ್ಲ, ಬಂದರೆ ಬಾಗಿಲು ತೆಗೆಯಲ್ಲ, ತೆಗೆದರೆ ಒಳಗೆ ಲಿಫ್ಟ್ ಇರಲ್ಲ. ಸುತ್ತಲಿನ ಊರ ಜನ ಕುರ್ಚಿಯ ಮೇಲೆ ಹತ್ತಿ ನಿಂತಿರುತ್ತಾರೆ. ಯಾಕೆ ಅಂತ ಕೇಳಬೇಡಿ, ವರ್ಷಗಟ್ಟಲೆ ನಿಂತಿದ್ದಾರೆ. ಹುಬ್ಬಳ್ಳಿಯವನು ನೆಲ ತೂರಿಕೊಂಡು ಕೆಳಗೆ ಬಿದ್ದ. 'ಏ, ಎಲ್ಲಿ ಅದೀಯೋ?' ಅಂದರೆ 'ಪಾತಾಳದಾಗ ಅದೀನಿ, ಮುಂದ ನಡೀರಿ' ಅಂತ ಉತ್ತರ. ನಾಲ್ವರು ಹಡಗು ಹತ್ತಿದರು, ಎಂಜಿನ್ ಗುಡುಗಿತು, ಮೋಡ ಸರಿಯಿತು, ನಿಜಕ್ಕೂ ಎದೆ ತುಂಬುವಷ್ಟು ಚೆಂದದ ಸೂರ್ಯೋದಯ. ಅಷ್ಟರಲ್ಲಿ 30000 ಎಂಬ ಎರರ್. ಸರ್ವರ್ ಮಲಗಿತು. ಮೆಲ್ಬರ್ನಿನವನೂ ಮಲಗಿದ.

'ಮಾಮ, ಇದು ಆಲ್ಫಾ. ಇನ್ನೂ ತಯಾರಾಗ್ತಿದೆ. ನಿಮಗೆ ಗೇಮ್ ಡೆವಲಪ್‌ಮೆಂಟ್ ಅರ್ಥ ಆಗಲ್ಲ' ಅಂತಾನೆ ನಮ್ಮ ಅಕ್ಕನ ಮಗ. ನಿಜ, ನನಗೆ ಅರ್ಥ ಆಗಲ್ಲ. ಹೈಸ್ಕೂಲಿನಲ್ಲಿದ್ದಾಗಲೂ ಅವನು ಇದನ್ನೇ ಹೇಳುತ್ತಿದ್ದ. ಈಗ ಅವನಿಗೆ ಹೋಮ್ ಲೋನ್ ಇದೆ.

ನನಗೆ ಹೊಟ್ಟೆ ಉರಿಯೋದು ಬೇರೆ ಕಾರಣಕ್ಕೆ. 2016ರ ಆಗಸ್ಟಿನಲ್ಲಿ ನೋ ಮ್ಯಾನ್ಸ್ ಸ್ಕೈ ಎಂಬ ಮತ್ತೊಂದು ಬಾಹ್ಯಾಕಾಶದ ಆಟ ಬಂದದ್ದು ನೆನಪಿದೆಯಲ್ಲ? ಎರಡರ ಅರವತ್ತನಾಲ್ಕನೇ ಘಾತದಷ್ಟು ಗ್ರಹಗಳು, ಬರೆದರೆ ಇಪ್ಪತ್ತು ಅಂಕಿ. ಮೊದಲ ದಿನವೇ ಇಬ್ಬರು ಒಂದೇ ಗ್ರಹದ ಒಂದೇ ಜಾಗಕ್ಕೆ ಹೋಗಿ ನಿಂತರು. ಒಬ್ಬರಿಗೊಬ್ಬರು ಕಾಣಲಿಲ್ಲ. ಕೊಟ್ಟ ಮಾತಿಗೂ ಸಿಕ್ಕ ಆಟಕ್ಕೂ ಅಜಗಜಾಂತರ, ಜನ ಬೈದರು, ಬೈದದ್ದು ಸರಿಯೇ. ಆದರೆ ಅದಕ್ಕೂ ಮೊದಲು, ಆಟ ಸ್ವಲ್ಪ ತಡ ಅಂದದ್ದಕ್ಕೇ ಅದನ್ನು ಮಾಡಿದ ತಂಡದ ಮುಖ್ಯಸ್ಥ ಷಾನ್ ಮರ್ರಿಗೆ ಕೊಲೆ ಬೆದರಿಕೆ ಹಾಕಿದ್ದರು. ಆ ಚಿಕ್ಕ ತಂಡ ಬಾಯಿ ಮುಚ್ಚಿಕೊಂಡು ದುಡಿಯಿತು. 2018ರ ಜುಲೈನಲ್ಲಿ ಜೊತೆಗೂಡಿ ಆಡುವ ಸೌಲಭ್ಯ ಪೂರ್ತಿಯಾಗಿ ಕೊಟ್ಟಿತು. ಅದಕ್ಕೂ, ಆಮೇಲೆ ಬಂದದ್ದಕ್ಕೂ ಆಟ ಕೊಂಡವರಿಂದ ಕಾಸು ಕೇಳಲಿಲ್ಲ.

ಅಂದರೆ ಏನಾಯ್ತು? ಆಟ ಮುಗಿಸಿ ಕೈಗಿಟ್ಟವನಿಗೆ ಏಟು ಬಿತ್ತು. ಮುಗಿಸದವನನ್ನು ಬೈಯೋದು ಹೇಗೆ? ಇನ್ನೂ ಆಗಿಲ್ಲವಲ್ಲ! ಹಾಗಾಗಿ ಅವನ ಹುಂಡಿ ತುಂಬುತ್ತಾ ಇದೆ.

ಇದರಲ್ಲಿ ನಗುವಂಥದ್ದು ನನಗೆ ಇನ್ನು ಕಾಣ್ತಾ ಇಲ್ಲ. 2018ರಲ್ಲಿ ಅಮೆರಿಕದಲ್ಲಿ ಒಬ್ಬ ಸ್ಟಾರ್ ಸಿಟಿಜನ್‌ಗೆ ಸುರಿದ ಸುಮಾರು 4,500 ಡಾಲರ್ ವಾಪಸ್ ಕೊಡಿ ಅಂತ ಕೋರ್ಟಿಗೆ ಹೋದ. ನೀನು ಒಪ್ಪಿದ ಷರತ್ತಿನಲ್ಲೇ ಮಧ್ಯಸ್ಥಿಕೆ ಅಂತ ಇದೆ, ಇಲ್ಲಿಗೆ ಬರಬೇಡ ಅಂದರು. 2021ರಲ್ಲಿ ಬ್ರಿಟನ್ನಿನ ಜಾಹೀರಾತು ನಿಯಂತ್ರಕರು, ಆಟದಲ್ಲಿ ಇಲ್ಲದ ಹಡಗನ್ನು ಇಲ್ಲ ಅಂತ ಹೇಳಿ ಮಾರಿ ಅಂದರು. ಸರಿ, ಹೇಳಿದರು. ಹೇಳಿಯೇ ಮಾರಿದರು. ಮಾರಾಟ ನಿಲ್ಲಲಿಲ್ಲ. ಗ್ಯಾರಿ ಓಲ್ಡ್‌ಮನ್, ಮಾರ್ಕ್ ಹ್ಯಾಮಿಲ್ ಅಂಥ ನಟರನ್ನು ಹಾಕಿ ಅದೇ ಕಂಪನಿ ಮಾಡುತ್ತಿರುವ, ಒಬ್ಬರೇ ಆಡುವ ಕಥೆಯಾಟ ಸ್ಕ್ವಾಡ್ರನ್ 42ಕ್ಕೆ 2014 ಅಂದರು, 2016 ಅಂದರು, 2024ರ ಅಕ್ಟೋಬರಿನಲ್ಲಿ 2026 ಅಂದರು. ಸ್ಟಾರ್ ಸಿಟಿಜನ್‌ನಲ್ಲಿ ನೂರು ನಕ್ಷತ್ರ ವ್ಯವಸ್ಥೆ ಅಂದಿದ್ದರಲ್ಲಿ ಎರಡನೆಯದು ಸಿಕ್ಕಿದ್ದೇ 2024ರ ಡಿಸೆಂಬರಿನಲ್ಲಿ. ತಪ್ಪು ಕಂಪನಿಯದ್ದು ಮಾತ್ರ ಅಂತ ನಾನು ಹೇಳಲ್ಲ. ಪ್ರಶ್ನೆ ಕೇಳಿದವನ ಮೇಲೆ ಬೀಳೋದು ಕಂಪನಿಯವರಲ್ಲ, ದುಡ್ಡು ಕಳಕೊಂಡವರೇ. ದುಡ್ಡು ಜಾಸ್ತಿ ಹೋದಷ್ಟೂ ಬೈಗುಳ ಜಾಸ್ತಿ.

ಪ್ರತಿ ವರ್ಷ ನವೆಂಬರಿನಲ್ಲಿ ಆಟದೊಳಗೆ ಹಡಗುಗಳ ದೊಡ್ಡ ಮೇಳ ನಡೆಯುತ್ತೆ. ಆಗ ಯಾರು ಬೇಕಾದರೂ ಬಂದು ಪುಕ್ಕಟೆಯಾಗಿ ಹಡಗು ಓಡಿಸಿ ನೋಡಬಹುದು. ಹಾಗಾಗಿ ಆಸಕ್ತರಲ್ಲಿ ನನ್ನದೊಂದು ವಿನಂತಿ: ಆ ವಾರವೇ ಹೋಗಿ. ಕಾಸು ಕೊಡಬೇಡಿ. ಕಾಸು ಕೊಟ್ಟವರು ಒಳಗೆ ಬರಲು ಕ್ಯೂನಲ್ಲಿ ನಿಂತಿರುತ್ತಾರೆ, ಒಂಚೂರು ಜಾಗ ಬಿಡಿ.